ಪ್ರೇಮಿ ಮಾಯವಾದ ಮೇಲೆ ಅವಳೇನು ಮಾಡುತ್ತಾಳೆ? ಅಲೌಕಿಕ ಪ್ರೇಮಕಥೆ ಆರಿಸಿಕೊಳ್ಳುವವರಿಗೆ ಒಂದು ಹೋಲಿಕೆ

ಹದಿಹರೆಯದವರ ಅಲೌಕಿಕ ಪ್ರೇಮಕಥೆಗಳ ಕಪಾಟಿನ ಮುಂದೆ ನಿಂತರೆ ಎಲ್ಲ ಪುಸ್ತಕಗಳೂ ಒಂದೇ ಥರ ಕಾಣುತ್ತವೆ. ಕಪ್ಪು ಮುಖಪುಟ, ಬಿಳಿಚಿಕೊಂಡ ಹುಡುಗಿ, ಹಿಂದೆ ಕಾಡು ಇಲ್ಲವೇ ಚಂದ್ರ. ಹಿಂಬದಿಯ ಬರಹವೂ ಹೆಚ್ಚುಕಡಿಮೆ ಒಂದೇ. ಹೊಸ ಊರಿಗೆ ಬಂದ ಹುಡುಗಿ, ಯಾರ ಜೊತೆಗೂ ಬೆರೆಯದ ಹುಡುಗ, ಅವನಿಗೊಂದು ಗುಟ್ಟು. ಯಾರನ್ನಾದರೂ ಸಲಹೆ ಕೇಳಿದರೆ ಮೊದಲು ಬರುವ ಪ್ರಶ್ನೆ, "ವ್ಯಾಂಪೈರ್ ಬೇಕಾ, ತೋಳ ಬೇಕಾ, ದೇವದೂತ ಬೇಕಾ?"

ಆ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ. ವ್ಯಾಂಪೈರ್ ಇರುವ ಎರಡು ಪುಸ್ತಕಗಳು ಒಂದಕ್ಕೊಂದು ಪೂರ್ತಿ ಉಲ್ಟಾ ಇರಬಹುದು. ನಾನು ಬೇರೆಯವರಿಗೆ ಪುಸ್ತಕ ಹೇಳುವಾಗ ನೋಡುವುದು ಒಂದೇ ವಿಷಯ. ಹುಡುಗ ಕಥೆಯಿಂದ ಆಚೆ ಹೋದಾಗ ಹುಡುಗಿ ಏನು ಮಾಡುತ್ತಾಳೆ? ಈ ಬಗೆಯ ಕಥೆಗಳಲ್ಲಿ ಆ ಘಟ್ಟ ಬಂದೇ ಬರುತ್ತದೆ. ಅವನು ಬಿಟ್ಟು ಹೋಗುತ್ತಾನೆ, ಅಥವಾ ಸಾಯುತ್ತಾನೆ, ಅಥವಾ ಮೃಗವಾಗಿ ಕಾಡು ಸೇರುತ್ತಾನೆ, ಅಥವಾ ಅವನೇ ಶತ್ರುವಾಗಿ ಎದುರು ನಿಲ್ಲುತ್ತಾನೆ. ಆಗ ಅವಳ ಕೈಯಲ್ಲಿ ಏನು ಉಳಿದಿದೆ, ಅದನ್ನಿಟ್ಟುಕೊಂಡು ಅವಳು ಎಷ್ಟು ದೂರ ನಡೆಯುತ್ತಾಳೆ ಅನ್ನುವುದರಲ್ಲಿ ಪುಸ್ತಕದ ಬಂಡವಾಳ ಗೊತ್ತಾಗುತ್ತದೆ. ಬಾಯಿ ಜೋರಿರುವ ಹುಡುಗಿಯರು, ಕತ್ತಿ ಹಿಡಿದ ಹುಡುಗಿಯರು ಈ ಪುಸ್ತಕಗಳಲ್ಲಿ ಬೇಕಾದಷ್ಟು ಸಿಗುತ್ತಾರೆ. ಬಿದ್ದಮೇಲೆ ಏಳುವವರು ಕಡಿಮೆ.

ಈ ಅಳತೆಗೋಲಿನಿಂದಲೇ ಕೆಲವು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದೇನೆ. ಅದಕ್ಕಾಗಿ ಕಥೆಯ ಕೆಲವು ತಿರುವುಗಳನ್ನು ಹೇಳಲೇಬೇಕಾಗುತ್ತದೆ. ಕೊನೆಗಳನ್ನು ಆದಷ್ಟೂ ಬಿಟ್ಟುಕೊಟ್ಟಿಲ್ಲ.

ಬೆಲ್ಲಾ ಮತ್ತು ರೋಸ್

ಮೊದಲು ಎಲ್ಲರಿಗೂ ಗೊತ್ತಿರುವ 'ಟ್ವೈಲೈಟ್'. ಸ್ಟೆಫನಿ ಮೆಯರ್ ಬರೆದ ಈ ಕಾದಂಬರಿ ಬಂದದ್ದು 2005ರಲ್ಲಿ. ಆಮೇಲೆ ವರ್ಷಕ್ಕೊಂದರಂತೆ 'ನ್ಯೂ ಮೂನ್', 'ಎಕ್ಲಿಪ್ಸ್', 'ಬ್ರೇಕಿಂಗ್ ಡಾನ್' ಬಂದು 2008ಕ್ಕೆ ಮುಖ್ಯ ಕಥೆ ಮುಗಿಯಿತು. ಬಿಸಿಲೂರು ಫೀನಿಕ್ಸ್‌ನಿಂದ 17 ವರ್ಷದ ಬೆಲ್ಲಾ ಸ್ವಾನ್, ಸದಾ ಮಳೆ ಸುರಿಯುವ ಫೋರ್ಕ್ಸ್ ಎಂಬ ಊರಿಗೆ ಅಪ್ಪನ ಮನೆಗೆ ಬರುತ್ತಾಳೆ. ಫೋರ್ಕ್ಸ್ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ನಿಜವಾಗಿಯೂ ಇರುವ ಸಣ್ಣ ಊರು. ಅಪ್ಪ ಚಾರ್ಲಿ ಅಲ್ಲಿನ ಪೊಲೀಸ್ ಮುಖ್ಯಸ್ಥ. ಶಾಲೆಯಲ್ಲಿ ಎಡ್ವರ್ಡ್ ಕಲನ್ ಸಿಗುತ್ತಾನೆ. ಅವನು 1918ರಲ್ಲಿ ಸ್ಪ್ಯಾನಿಷ್ ಫ್ಲೂ ಬಂದು ಸಾಯುವ ಸ್ಥಿತಿಯಲ್ಲಿದ್ದಾಗ ವ್ಯಾಂಪೈರ್ ಆದವನು.

ಬೆಲ್ಲಾಳನ್ನು "ಏನೂ ಕೈಲಾಗದವಳು" ಎಂದು ತಳ್ಳಿಹಾಕುವವರು ಬಹಳ ಜನ. ನಾನು ಅಷ್ಟು ಬೇಗ ಒಪ್ಪುವುದಿಲ್ಲ. ಅವಳು ಅಪ್ಪನಿಗೆ ಅಡುಗೆ ಮಾಡುತ್ತಾಳೆ, ಮನೆ ಸಾಮಾನು ತರುತ್ತಾಳೆ, ಮೈಮೇಲೆ ಪ್ರಜ್ಞೆಯಿಲ್ಲದಂತೆ ಓಡಾಡುವ ಅಮ್ಮನನ್ನು ಚಿಕ್ಕಂದಿನಿಂದ ಸಂಭಾಳಿಸಿದವಳು. ಬೇರೆಯವರ ಪ್ರಾಣಕ್ಕೆ ಅಪಾಯ ಬಂದರೆ ತನ್ನ ಪ್ರಾಣ ಕೊಡಲು ಒಂದು ಕ್ಷಣವೂ ಯೋಚಿಸುವುದಿಲ್ಲ. ಅದೂ ಗಟ್ಟಿತನವೇ. ಆದರೆ ನನ್ನ ಪ್ರಶ್ನೆಯನ್ನು ಅವಳ ಮುಂದಿಟ್ಟು ನೋಡಿ. 'ನ್ಯೂ ಮೂನ್'ನಲ್ಲಿ ಎಡ್ವರ್ಡ್ ಅವಳನ್ನು ಮನೆ ಹತ್ತಿರದ ಕಾಡಿಗೆ ಕರೆದುಕೊಂಡು ಹೋಗಿ, ಇನ್ನು ಬರುವುದಿಲ್ಲ ಎಂದು ಹೇಳಿ ಹೊರಟುಹೋಗುತ್ತಾನೆ. ಮುಂದಿನ ಪುಟ ತಿರುಗಿಸಿದರೆ 'ಅಕ್ಟೋಬರ್' ಎಂಬ ಒಂದೇ ಪದ. ಅದಾದ ಮೇಲೆ 'ನವೆಂಬರ್', 'ಡಿಸೆಂಬರ್', 'ಜನವರಿ'. ಪುಟಗಳು ಪೂರ್ತಿ ಖಾಲಿ. ನಾಲ್ಕು ತಿಂಗಳು ಅವಳ ಬದುಕಿನಲ್ಲಿ ಬರೆಯುವಂಥದ್ದು ಏನೂ ಇಲ್ಲ.

ಪ್ರೀತಿ ಮುರಿದು ಕೂತಿರುವ 16ರ ಹುಡುಗಿಗೆ ಆ ಖಾಲಿ ಪುಟಗಳಷ್ಟು ನಿಜವಾದದ್ದು ಇನ್ನೊಂದಿಲ್ಲ. ಸರಣಿಯ ಒಳ್ಳೆಯ ಬರವಣಿಗೆ ಅಲ್ಲೇ ಇದೆ ಅನ್ನುತ್ತೇನೆ. ತೊಂದರೆ ಇರುವುದು ಆಮೇಲೆ. ಬೆಲ್ಲಾ ಎದ್ದು ನಿಲ್ಲುವುದು ತನಗಾಗಿ ಅಲ್ಲ. ಅಪಾಯಕ್ಕೆ ಮೈಯೊಡ್ಡಿದಾಗ ಅವನ ದನಿ ಕೇಳಿಸುತ್ತದೆ ಎಂದು ಗೊತ್ತಾಗಿ ಮೋಟರ್‌ಬೈಕ್ ಓಡಿಸುತ್ತಾಳೆ, ಬಂಡೆಯ ಮೇಲಿಂದ ಸಮುದ್ರಕ್ಕೆ ಜಿಗಿಯುತ್ತಾಳೆ. ಅವಳಿಗೆ ಸ್ವಲ್ಪ ನಗು ವಾಪಸ್ ತರುವವನೂ ಇನ್ನೊಬ್ಬ ಹುಡುಗನೇ, ತೋಳವಾಗಬಲ್ಲ ಜೇಕಬ್.

ಇನ್ನೊಂದು ವಿಷಯವನ್ನೂ ಹೇಳಲೇಬೇಕು. ಎಡ್ವರ್ಡ್ ಅವಳಿಗೆ ಗೊತ್ತಿಲ್ಲದಂತೆ ರಾತ್ರಿ ಕೋಣೆಗೆ ಬಂದು ಅವಳು ಮಲಗಿರುವುದನ್ನು ನೋಡುತ್ತಾನೆ. 'ಎಕ್ಲಿಪ್ಸ್'ನಲ್ಲಿ ಅವಳು ಜೇಕಬ್‌ನ ಮನೆಗೆ ಹೋಗಬಾರದೆಂದು ಅವಳ ಟ್ರಕ್ಕಿನ ಎಂಜಿನ್ನಿನಿಂದ ಒಂದು ಭಾಗವನ್ನೇ ತೆಗೆದಿಡುತ್ತಾನೆ. ಬೆಲ್ಲಾ ಸಿಟ್ಟಿನಿಂದ ಕಿಟಕಿ ಮುಚ್ಚುತ್ತಾಳೆ. ಸ್ವಲ್ಪ ಹೊತ್ತಿಗೆ ತಾನೇ ಹೋಗಿ ತೆರೆಯುತ್ತಾಳೆ. ಅದೇ ಪುಸ್ತಕದಲ್ಲಿ ಜೇಕಬ್ ಅವಳು ಬೇಡವೆಂದರೂ ಮುತ್ತಿಡುತ್ತಾನೆ. ಅವಳು ಗುದ್ದುತ್ತಾಳೆ, ಮುರಿಯುವುದು ಅವಳ ಕೈ. ಮಗಳಿಗೋ ತಂಗಿಗೋ ಈ ಸರಣಿ ಕೊಡುವವರು ಈ ಜಾಗಗಳ ಬಗ್ಗೆ ಅವಳ ಜೊತೆ ಮಾತಾಡಿ. ಬೈಯಲು ಅಲ್ಲ. "ನೀನಾಗಿದ್ದರೆ ಆ ಕಿಟಕಿ ತೆರೆಯುತ್ತಿದ್ದೆಯಾ?" ಅಂತ ಸುಮ್ನೆ ಕೇಳಿ ನೋಡಿ. ಒಳ್ಳೆಯ ಮಾತುಕತೆ ಆಗುತ್ತದೆ. ಜೇಕಬ್‌ನ ಜನ, ಕ್ವಿಲಿಯೂಟರು ಎಂಬ ಅಮೆರಿಕದ ಮೂಲನಿವಾಸಿಗಳು, ನಿಜವಾಗಿಯೂ ಇದ್ದಾರೆ, ಲಾ ಪುಷ್ ಎಂಬ ಕಡಲತೀರದ ಊರಿನವರು ಎಂಬುದನ್ನೂ ಹೇಳಿ. ಅವರ ಮೂಲದ ಕಥೆಯಲ್ಲಿ ತೋಳಗಳಿವೆ. ವ್ಯಾಂಪೈರ್ ಜೊತೆಗಿನ ಹಗೆ ಮಾತ್ರ ಲೇಖಕಿಯ ಕಲ್ಪನೆ.

ಈಗ ಪಕ್ಕದಲ್ಲಿ ರಿಶೆಲ್ ಮೀಡ್ ಅವರ 'ವ್ಯಾಂಪೈರ್ ಅಕಾಡೆಮಿ' ಇಡಿ. 2007ರಲ್ಲಿ ಶುರುವಾಗಿ 2010ಕ್ಕೆ ಮುಗಿದ ಆರು ಪುಸ್ತಕಗಳು. ಇಲ್ಲಿ ವ್ಯಾಂಪೈರ್‌ಗಳಲ್ಲಿ ಎರಡು ಬಗೆ. ಮೊರಾಯ್ ಎಂಬವರು ಹುಟ್ಟಿ ಸಾಯುವವರು, ಮಂತ್ರಶಕ್ತಿ ಇರುವವರು. ಸ್ಟ್ರಿಗೋಯ್ ಎಂಬವರು ಸಾವಿಲ್ಲದ ಕೊಲೆಗಡುಕರು. ರೋಸ್ ಹ್ಯಾಥವೇ ಇವರಿಬ್ಬರೂ ಅಲ್ಲ. ಅವಳು ಅರ್ಧ ಮನುಷ್ಯೆ, ಮೊರಾಯ್‌ಗಳನ್ನು ಕಾಯುವ ಕಾವಲುಗಾರ್ತಿಯಾಗಲು ಮೊಂಟಾನಾದ ಶಾಲೆಯೊಂದರಲ್ಲಿ ತರಬೇತಿ ಪಡೆಯುತ್ತಿರುವವಳು. ಅವಳ ಪ್ರಾಣದ ಗೆಳತಿ ಲಿಸ್ಸಾ ರಾಜಮನೆತನದವಳು. ಕಥೆಯ ಮೊದಲ ಪ್ರೀತಿ ಈ ಗೆಳೆತನವೇ.

ರೋಸ್ ಶುರುವಿನಲ್ಲಿ ನನಗೆ ಅಷ್ಟಾಗಿ ಹಿಡಿಸಲಿಲ್ಲ. ಕೈ ಮುಂದೆ, ಬುದ್ಧಿ ಹಿಂದೆ. ಆದರೆ ಲೇಖಕಿ ಅವಳನ್ನು ಒಂದೊಂದೇ ಪುಸ್ತಕದಲ್ಲಿ ಬೆಳೆಸುವ ರೀತಿ ನೋಡಬೇಕು. ಆ ಲೋಕದಲ್ಲಿ ಒಬ್ಬ ಸ್ಟ್ರಿಗೋಯ್‌ನನ್ನು ಕೊಂದರೆ ಕತ್ತಿನ ಹಿಂದೆ ಒಂದು ಹಚ್ಚೆ ಹಾಕುತ್ತಾರೆ. ಅದು ಗೌರವ. ಎರಡನೆಯ ಪುಸ್ತಕದಲ್ಲಿ ರೋಸ್‌ಗೆ ಆ ಹಚ್ಚೆ ಸಿಗುವ ಹೊತ್ತಿಗೆ ಅವಳ ಗೆಳೆಯನೊಬ್ಬ ಕಣ್ಣೆದುರೇ ಸತ್ತಿರುತ್ತಾನೆ. ಹೆಮ್ಮೆಪಡಬೇಕಾದ ಗುರುತನ್ನು ಅವಳು ಹೆಮ್ಮೆಯಿಲ್ಲದೆ ಹೊತ್ತುಕೊಳ್ಳುತ್ತಾಳೆ. ಅಲ್ಲಿಂದ ಅವಳು ಬೇರೆಯೇ ಹುಡುಗಿ.

ಅವಳು ಪ್ರೀತಿಸುವುದು ತನ್ನ ತರಬೇತುದಾರ ಡಿಮಿಟ್ರಿಯನ್ನು. 'ಶ್ಯಾಡೋ ಕಿಸ್' ಎಂಬ ಮೂರನೆಯ ಪುಸ್ತಕದಲ್ಲಿ ಅವರಿಬ್ಬರ ನಡುವೆ ಒಂದು ಮಾತು ಬರುತ್ತದೆ. ಸ್ಟ್ರಿಗೋಯ್ ಆಗಿ ಬದುಕುವುದಕ್ಕಿಂತ ಸಾಯುವುದೇ ಮೇಲು ಎಂದು ಇಬ್ಬರೂ ಒಪ್ಪುತ್ತಾರೆ. ಪುಸ್ತಕದ ಕೊನೆಗೆ ಡಿಮಿಟ್ರಿಯೇ ಸ್ಟ್ರಿಗೋಯ್ ಆಗಿಬಿಡುತ್ತಾನೆ. ಆಗ ರೋಸ್ ಏನು ಮಾಡುತ್ತಾಳೆ? 18 ತುಂಬಿದ ದಿನ ಶಾಲೆ ಬಿಡುತ್ತಾಳೆ. ಲಿಸ್ಸಾ ಅಳುತ್ತಾ ತಡೆದರೂ ನಿಲ್ಲದೆ ರಷ್ಯಾಕ್ಕೆ ಹೋಗುತ್ತಾಳೆ, ಸೈಬೀರಿಯಾದವರೆಗೆ. ಪ್ರೀತಿಸಿದವನನ್ನು ಹುಡುಕಿ ಕೊಲ್ಲುವುದಕ್ಕೆ.

ದಾರಿಯಲ್ಲಿ ಅವಳು ಡಿಮಿಟ್ರಿಯ ತಾಯಿ, ಅಕ್ಕತಂಗಿಯರ ಮನೆಗೆ ಹೋಗುತ್ತಾಳೆ. ನಿಮ್ಮ ಮಗ ಇನ್ನಿಲ್ಲ ಎಂದು ಅವಳೇ ಹೇಳಬೇಕು. ಆ ಮನೆಯಲ್ಲೇ ಉಳಿದುಬಿಡಬಹುದಿತ್ತು. ಅವರೆಲ್ಲ ಅವಳನ್ನು ಮನೆಯವಳಂತೆ ನೋಡಿಕೊಳ್ಳುತ್ತಾರೆ. ಆದರೂ ಹೊರಡುತ್ತಾಳೆ. 'ಬ್ಲಡ್ ಪ್ರಾಮಿಸ್' ಎಂಬ ಆ ನಾಲ್ಕನೆಯ ಪುಸ್ತಕ ಈ ಇಡೀ ಪ್ರಕಾರದಲ್ಲಿ ನನಗೆ ತುಂಬ ಇಷ್ಟವಾದದ್ದು. ಡಿಮಿಟ್ರಿಯ ಕೈಗೇ ಸಿಕ್ಕಿಬಿದ್ದು, ಅವನ ಕಡಿತದ ಅಮಲಿಗೆ ಒಗ್ಗಿಹೋಗಿ, ತಾನು ಯಾಕೆ ಬಂದೆ ಎಂಬುದನ್ನೇ ರೋಸ್ ಮರೆಯುವ ಅಧ್ಯಾಯಗಳು ಅಲ್ಲಿವೆ. ಅಮಲಿನಿಂದ ಆಚೆ ಬರುವುದಕ್ಕೆ ಯಾವ ಮಂತ್ರವೂ ಅವಳಿಗೆ ಸಿಗುವುದಿಲ್ಲ. ಒಂದೊಂದು ಗಳಿಗೆಯ ಎಚ್ಚರವನ್ನು ಕೂಡಿಸಿಕೊಂಡು ತಾನಾಗಿ ಬರಬೇಕು.

ಹಾಗಾದರೆ ಈ ಎರಡರಲ್ಲಿ ಯಾವುದು? ಮನಸ್ಸು ಕರಗುವ, ಮಳೆ ಬೀಳುವಾಗ ಹೊದ್ದು ಕೂತು ಓದುವ ಪ್ರೇಮಕಥೆ ಬೇಕು ಅಂದರೆ 'ಟ್ವೈಲೈಟ್'. ಬಿದ್ದು ಎದ್ದು ಬೆಳೆಯುವ ಹುಡುಗಿ ಬೇಕು ಅಂದರೆ 'ವ್ಯಾಂಪೈರ್ ಅಕಾಡೆಮಿ', ಯೋಚಿಸಲೇ ಬೇಡಿ. ಒಂದೇ ಎಚ್ಚರಿಕೆ. ಡಿಮಿಟ್ರಿಗೆ 24, ರೋಸ್‌ಗೆ 17, ಅವನು ಕಲಿಸುವವನು. ಇದು ಸರಿಯಲ್ಲ ಎಂಬುದು ಪಾತ್ರಗಳಿಗೂ ಗೊತ್ತಿದೆ, ಪುಸ್ತಕ ಅದನ್ನು ಮುಚ್ಚಿಡುವುದಿಲ್ಲ. ಲಿಸ್ಸಾ ಖಿನ್ನತೆಯಲ್ಲಿ ತನ್ನ ಕೈಯನ್ನೇ ಕೊಯ್ದುಕೊಳ್ಳುವ ಭಾಗವೂ ಮೊದಲ ಪುಸ್ತಕದಲ್ಲಿದೆ. 16 ದಾಟಿದವರಿಗೆ ಕೊಡುವುದು ಮೇಲು. ಇನ್ನು 2014ರ ಸಿನಿಮಾ ನೋಡಿ ಈ ಸರಣಿಯನ್ನು ಅಳೆಯಬೇಡಿ. ಅದು ಮೊದಲ ಪುಸ್ತಕಕ್ಕೇ ನಿಂತುಹೋಗಿದೆ. ಸೈಬೀರಿಯಾದ ರೋಸ್ ಅಲ್ಲಿಲ್ಲ.

ಸದ್ದಿಲ್ಲದ ಹುಡುಗಿ, ರಕ್ತದ ನಡುವೆ ಎಚ್ಚೆತ್ತ ಹುಡುಗಿ

ಎಲ್ಲ ಗಟ್ಟಿ ಹುಡುಗಿಯರೂ ಜಗಳಗಂಟಿಯರಾಗಬೇಕಿಲ್ಲ ಅಲ್ವಾ? ಮ್ಯಾಗಿ ಸ್ಟೀಫ್‌ವಾಟರ್ ಅವರ 'ಶಿವರ್' (2009) ಓದಿದರೆ ಅದು ಗೊತ್ತಾಗುತ್ತದೆ. ಮಿನ್ನೆಸೋಟಾದ ಚಳಿಯಲ್ಲಿ ನಡೆಯುವ ಕಥೆ. ಇಲ್ಲಿ ಮನುಷ್ಯ ತೋಳವಾಗುವುದು ಹುಣ್ಣಿಮೆಯಿಂದ ಅಲ್ಲ, ಚಳಿಯಿಂದ. ಬೇಸಿಗೆಯಲ್ಲಿ ಮನುಷ್ಯ, ಚಳಿಗಾಲದಲ್ಲಿ ತೋಳ. ಪ್ರತಿ ಅಧ್ಯಾಯದ ತಲೆಯ ಮೇಲೂ ಆ ಹೊತ್ತಿನ ಉಷ್ಣಾಂಶ ಬರೆದಿರುತ್ತದೆ. ಕಥೆ ಮುಂದೆ ಹೋದಂತೆ ನಮ್ಮ ಕಣ್ಣು ಮೊದಲು ಆ ಅಂಕಿಯ ಮೇಲೇ ಬೀಳುತ್ತದೆ. ಅದು ಇಳಿದರೆ ಎದೆ ಹೊಡೆದುಕೊಳ್ಳುತ್ತದೆ. ಇಷ್ಟು ಸರಳವಾದ ಉಪಾಯದಿಂದ ಇಷ್ಟು ಭಯ ಹುಟ್ಟಿಸಿದ ಲೇಖಕಿಯ ಕೈಚಳಕ ಮೆಚ್ಚಲೇಬೇಕು.

ನಾಯಕಿ ಗ್ರೇಸ್‌ಳನ್ನು ಚಿಕ್ಕವಳಿದ್ದಾಗ ತೋಳಗಳು ಉಯ್ಯಾಲೆಯಿಂದ ಎಳೆದುಕೊಂಡು ಹೋಗಿದ್ದವು. ಹಳದಿ ಕಣ್ಣಿನ ಒಂದು ತೋಳ ಉಳಿಸಿತು. ಅದೇ ಸ್ಯಾಮ್. ಗ್ರೇಸ್‌ಳ ಅಪ್ಪ ಅಮ್ಮ ಕೆಟ್ಟವರಲ್ಲ, ಆದರೆ ಮಗಳು ಮನೆಯಲ್ಲಿದ್ದಾಳೆ ಎಂಬುದೇ ಅವರಿಗೆ ನೆನಪಿರುವುದಿಲ್ಲ. ತನ್ನ ಊಟ ತಾನೇ ಬೇಯಿಸಿಕೊಂಡು, ಮನೆಯ ಲೆಕ್ಕವನ್ನೆಲ್ಲ ತಲೆಯಲ್ಲಿಟ್ಟುಕೊಂಡು ಬೆಳೆದ ಹುಡುಗಿ ಅವಳು. ಸ್ಯಾಮ್ ಇನ್ನು ಮನುಷ್ಯನಾಗಿ ಉಳಿಯುವುದಿಲ್ಲ ಎಂದು ತಿಳಿದಾಗ ಅವಳು ಕೂತು ಅಳುವುದಿಲ್ಲ. ಇದು ಕಾಯಿಲೆಯಾದರೆ ಇದಕ್ಕೆ ಮದ್ದು ಇರಬೇಕು ಎಂದು ಹುಡುಕಲು ಹೊರಡುತ್ತಾಳೆ. ಜೊತೆಗೆ ಇಸಾಬೆಲ್ ಎಂಬ ಹುಡುಗಿ ಸೇರಿಕೊಳ್ಳುತ್ತಾಳೆ. ಅವಳ ಒರಟು ಮಾತು, ಒಳಗಿನ ನೋವು ಎರಡೂ ನನಗೆ ಗ್ರೇಸ್‌ಗಿಂತ ಜಾಸ್ತಿ ನೆನಪಿದೆ. ಸರಣಿಯಲ್ಲಿ 'ಲಿಂಗರ್', 'ಫಾರೆವರ್' ಮುಂದಿನವು. ಮೊದಲನೆಯದನ್ನೇ ಓದಿ ನಿಲ್ಲಿಸಿದರೂ ಏನೂ ಕೊರತೆ ಅನ್ನಿಸುವುದಿಲ್ಲ.

ಇದಕ್ಕೆ ತದ್ವಿರುದ್ಧ ಹಾಲಿ ಬ್ಲ್ಯಾಕ್ ಅವರ 'ದಿ ಕೋಲ್ಡೆಸ್ಟ್ ಗರ್ಲ್ ಇನ್ ಕೋಲ್ಡ್‌ಟೌನ್' (2013). ಟಾನಾ ಎಂಬ ಹುಡುಗಿ ರಾತ್ರಿಯಿಡೀ ನಡೆದ ಪಾರ್ಟಿಯ ಮರುದಿನ ಬಾತ್‌ಟಬ್ಬಿನಲ್ಲಿ ಎಚ್ಚರಗೊಳ್ಳುತ್ತಾಳೆ. ಮನೆಯಲ್ಲಿ ಸದ್ದಿಲ್ಲ. ಹೊರಗೆ ಬಂದು ನೋಡಿದರೆ ಸ್ನೇಹಿತರೆಲ್ಲ ಹೆಣವಾಗಿದ್ದಾರೆ. ಒಂದು ಕೋಣೆಯಲ್ಲಿ ಅವಳ ಹಳೆಯ ಹುಡುಗ ಏಡನ್‌ನನ್ನು ಮಂಚಕ್ಕೆ ಕಟ್ಟಿದ್ದಾರೆ, ಅವನಿಗೆ ಸೋಂಕು ತಗುಲಿದೆ. ಅದೇ ಕೋಣೆಯಲ್ಲಿ ಸರಪಳಿಯಲ್ಲಿ ಬಿಗಿದ ಒಬ್ಬ ವ್ಯಾಂಪೈರ್, ಗಾವ್ರಿಯೆಲ್. ಓಡಿಹೋಗಬಹುದಿತ್ತು. ಟಾನಾ ಇಬ್ಬರನ್ನೂ ಕಾರಿಗೆ ಹಾಕಿಕೊಂಡು ಹೊರಡುತ್ತಾಳೆ.

ಈ ಲೋಕದಲ್ಲಿ ವ್ಯಾಂಪೈರ್ ಕಚ್ಚಿದರೆ ಸೋಂಕು ಬರುತ್ತದೆ, ಮೈ ತಣ್ಣಗಾಗುತ್ತದೆ, ಮನುಷ್ಯರ ರಕ್ತ ಬೇಕೆನ್ನಿಸುತ್ತದೆ. 88 ದಿನ ರಕ್ತ ಕುಡಿಯದೆ ತಡೆದುಕೊಂಡರೆ ವಾಸಿಯಾಗಬಹುದು. ಕುಡಿದರೆ ಮುಗಿಯಿತು, ಸತ್ತು ವ್ಯಾಂಪೈರ್ ಆಗುತ್ತಾರೆ. ಸೋಂಕಿತರನ್ನು ಕೋಲ್ಡ್‌ಟೌನ್ ಎಂಬ, ಗೋಡೆ ಕಟ್ಟಿದ ಊರುಗಳಲ್ಲಿ ಕೂಡಿಹಾಕುತ್ತಾರೆ. ಟಾನಾಳ ಅಮ್ಮನಿಗೂ ಇದೇ ಸೋಂಕು ಬಂದಿತ್ತು. ಅಪ್ಪ ಅವಳನ್ನು ನೆಲಮಾಳಿಗೆಯಲ್ಲಿ ಕೂಡಿಹಾಕಿದ್ದ. ಅಮ್ಮನ ಕೂಗು ಕೇಳಲಾಗದೆ ಪುಟ್ಟ ಟಾನಾ ಬಾಗಿಲು ತೆಗೆದಿದ್ದಳು. ಅವಳ ತೋಳಿನ ಮೇಲೆ ಇರುವ ಕಲೆ ಅಮ್ಮ ಕಚ್ಚಿದ್ದು. ಇದನ್ನು ತಿಳಿದ ಮೇಲೆ, ತನಗೂ ಸೋಂಕು ತಗುಲಿರಬಹುದೆಂಬ ಅನುಮಾನ ಬಂದಾಗ ಅವಳು ಯಾಕೆ ತಂಗಿ ಇರುವ ಮನೆಗೆ ಹೋಗದೆ ಕೋಲ್ಡ್‌ಟೌನಿನ ಬಾಗಿಲಿಗೆ ಕಾರು ತಿರುಗಿಸುತ್ತಾಳೆ ಎಂಬುದು ಅರ್ಥವಾಗುತ್ತದೆ.

ಟಾನಾ ಯಾರಿಗಾಗಿಯೂ ಕಾಯುವುದಿಲ್ಲ. ಗಾವ್ರಿಯೆಲ್ ಮೇಲೆ ಅವಳಿಗೆ ಆಗುವ ಸೆಳೆತ ನಿಜ, ಆದರೆ ಅವಳ ತೀರ್ಮಾನಗಳೆಲ್ಲ ಅವಳವೇ. ಪ್ರೀತಿಯ ಪಾಲು ಕಡಿಮೆ, ರಕ್ತದ ಪಾಲು ಜಾಸ್ತಿ. ಹೆದರಿಕೆಯ ಕಥೆ ಇಷ್ಟಪಡುವವರಿಗೆ, ಆರೇಳು ಪುಸ್ತಕದ ಸರಣಿ ಹಿಡಿಯಲು ಪುರುಸೊತ್ತಿಲ್ಲದವರಿಗೆ ಹೇಳಿ ಮಾಡಿಸಿದ್ದು. ಒಂದೇ ಪುಸ್ತಕ, ಕಥೆ ಅಲ್ಲಿಗೇ ಮುಗಿಯುತ್ತದೆ. ಪುಕ್ಕಲರಿಗೆ ಬೇಡ, 16ಕ್ಕಿಂತ ಚಿಕ್ಕವರಿಗೂ ಬೇಡ.

ಬ್ರೀ ಮ್ಯಾಥ್ಯೂಸ್

ಒಂದೇ ಒಂದು ಪುಸ್ತಕ ಹೇಳಿ ಅಂದರೆ ನಾನು ಹೇಳುವುದು 'ಲೆಜೆಂಡ್‌ಬಾರ್ನ್'. ಟ್ರೇಸಿ ಡಿಯಾನ್ ಬರೆದದ್ದು, 2020ರಲ್ಲಿ ಬಂತು. ಮರುವರ್ಷ ಹೊಸ ಬರಹಗಾರರಿಗೆ ಕೊಡುವ ಕೊರೆಟ್ಟಾ ಸ್ಕಾಟ್ ಕಿಂಗ್–ಜಾನ್ ಸ್ಟೆಪ್ಟೋ ಪ್ರಶಸ್ತಿಯೂ ಸಿಕ್ಕಿತು.

ಬ್ರೀ 16ರ ಕಪ್ಪು ಹುಡುಗಿ. ಹೈಸ್ಕೂಲಿನಲ್ಲಿರುವಾಗಲೇ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಓದುವ ಅವಕಾಶ ಅವಳಿಗೆ ಸಿಗುತ್ತದೆ. ಅಮ್ಮನಿಗೆ ಇಷ್ಟವಿರಲಿಲ್ಲ, ಅದರ ಮೇಲೆ ಇಬ್ಬರಿಗೂ ಜಗಳವಾಗಿತ್ತು. ಆಮೇಲೆ ಕಾರು ಅಪಘಾತದಲ್ಲಿ ಅಮ್ಮ ಹೋಗಿಬಿಟ್ಟಳು. ಕೊನೆಯ ಮಾತು ಜಗಳದ್ದು. ಆ ಭಾರ ಹೊತ್ತ ಹುಡುಗಿ ಕ್ಯಾಂಪಸ್ಸಿಗೆ ಬಂದ ಮೇಲೆ ಒಂದು ರಾತ್ರಿ ಬೇರೆಯವರಿಗೆ ಕಾಣದ ಪಿಶಾಚಿಯನ್ನು ನೋಡುತ್ತಾಳೆ. ನೋಡಿದ್ದನ್ನು ಮರೆಸಲು ಒಬ್ಬ ಮಾಂತ್ರಿಕ ಪ್ರಯತ್ನಿಸುತ್ತಾನೆ. ಆಗ ಅವಳಿಗೆ ಹೊಳೆಯುತ್ತದೆ, ಅಮ್ಮ ಸತ್ತ ರಾತ್ರಿ ಆಸ್ಪತ್ರೆಯಲ್ಲೂ ಯಾರೋ ತನಗೆ ಇದನ್ನೇ ಮಾಡಿದ್ದರು. ಅಲ್ಲಿಂದ ಕಥೆ ಹಿಡಿದರೆ ಬಿಡುವುದಿಲ್ಲ. ಬ್ರಿಟನ್ನಿನ ದಂತಕಥೆಗಳ ಆರ್ಥರ್ ರಾಜನ ದುಂಡುಮೇಜಿನ ಯೋಧರ ವಂಶಜರು ಆ ಕ್ಯಾಂಪಸ್ಸಿನಲ್ಲೊಂದು ಗುಪ್ತ ಸಂಘ ನಡೆಸುತ್ತಿದ್ದಾರೆ. ನಿಜ ತಿಳಿಯಬೇಕಾದರೆ ಬ್ರೀ ಅದರೊಳಗೆ ಸೇರಬೇಕು.

ಬ್ರೀ ತನ್ನನ್ನು ಎರಡಾಗಿ ನೋಡುತ್ತಾಳೆ. ಅಮ್ಮ ಇದ್ದಾಗಿನ ಬ್ರೀ, ಅಮ್ಮ ಹೋದ ಮೇಲಿನ ಬ್ರೀ. ಎರಡನೆಯವಳು ಯಾವಾಗ ಚರ್ಮ ಹರಿದುಕೊಂಡು ಹೊರಗೆ ಬರುತ್ತಾಳೋ ಎಂಬ ಹೆದರಿಕೆಯಲ್ಲೇ ದಿನ ದೂಡುತ್ತಾಳೆ. ದುಃಖವನ್ನು ಇಷ್ಟು ಹತ್ತಿರದಿಂದ ಬರೆದ ಅಲೌಕಿಕ ಕಥೆ ನಾನು ಇನ್ನೊಂದು ಓದಿಲ್ಲ. ಬೇರೆ ಪುಸ್ತಕಗಳಲ್ಲಿ ನಾಯಕಿಯ ಅಪ್ಪ ಅಮ್ಮ ಸಾಯುವುದು ಅವಳು ರಾತ್ರಿ ಹೊರಗೆ ತಿರುಗಾಡಲು ಅಡ್ಡಿ ಇರಬಾರದೆಂದು. ಇಲ್ಲಿ ಆ ಸಾವೇ ಕಥೆ. ಅಪ್ಪ ದೂರದಿಂದ ದಿನಾ ಫೋನ್ ಮಾಡುತ್ತಾನೆ, ಅವಳಿಗೆ ಒಬ್ಬ ಆಪ್ತಸಲಹೆಗಾರ್ತಿಯನ್ನು ಹುಡುಕಿಕೊಡುತ್ತಾನೆ. ಆ ಸಲಹೆಗಾರ್ತಿಯ ಮೂಲಕವೇ ಬ್ರೀಗೆ ತನ್ನ ಅಮ್ಮನ ಕಡೆಯ ಇನ್ನೊಂದು ಮಾಂತ್ರಿಕ ಪರಂಪರೆ ಸಿಗುತ್ತದೆ. ಗುಲಾಮರಾಗಿದ್ದ ಕಪ್ಪು ಹೆಂಗಸರು ಕಾಪಾಡಿಕೊಂಡು ಬಂದದ್ದು ಅದು. ಹಿರಿಯರನ್ನು ಕೇಳಿ ಪಡೆಯುವ ಶಕ್ತಿ, ಕಿತ್ತುಕೊಳ್ಳುವ ಶಕ್ತಿ ಅಲ್ಲ. ಯೋಧರ ಸಂಘದ ಗತ್ತಿನ ಪಕ್ಕದಲ್ಲಿ ಇದನ್ನಿಟ್ಟು ಲೇಖಕಿ ಎತ್ತುವ ಪ್ರಶ್ನೆಗಳು ಬಹಳ ಆಳದವು. ವಂಶದ ಹೆಮ್ಮೆ ಯಾರಿಗೆ ಸಿಗುತ್ತದೆ? ಯಾರ ವಂಶವೃಕ್ಷ ಹರಿದುಹೋಗಿದೆ, ಹರಿದವರು ಯಾರು?

ಪ್ರೀತಿಯೂ ಇದೆ. ಮೃದು ಸ್ವಭಾವದ ನಿಕ್, ಸಿಡುಕಿನ ಸೆಲ್ವಿನ್. ಇಬ್ಬರ ನಡುವಿನ ಎಳೆದಾಟ ಈ ಪ್ರಕಾರದ ಹಳೆಯ ಚಾಳಿ, ಆದರೆ ಇಲ್ಲಿ ಅದು ಕಿರಿಕಿರಿ ಮಾಡುವುದಿಲ್ಲ. ಹುಡುಗರಿಬ್ಬರನ್ನೂ ತೆಗೆದುಹಾಕಿದರೂ ಬ್ರೀಯ ಕಥೆ ನಿಲ್ಲುತ್ತದೆ, ಅದಕ್ಕೆ. ಒಂದು ಮಾತು ಮಾತ್ರ ಮೊದಲೇ ಹೇಳಬೇಕು. ಸಂಘದ ಪದವಿಗಳು, ವಂಶಗಳು, ಹೆಸರುಗಳು ಮೊದಲ ನೂರು ಪುಟಗಳಲ್ಲಿ ತಲೆ ತಿನ್ನುತ್ತವೆ. ಎಲ್ಲ ನೆನಪಿಟ್ಟುಕೊಳ್ಳಬೇಕು ಅಂತೇನಿಲ್ಲ, ಮುಂದೆ ಹೋಗಿ. ತಾನಾಗಿ ಕೂರುತ್ತದೆ. ಇತ್ತೀಚೆಗೆ ಮನೆಯಲ್ಲಿ ಸಾವು ನೋಡಿದ ಮಕ್ಕಳಿಗೆ ಕೊಡುವ ಮುಂಚೆ ನೀವು ಒಮ್ಮೆ ಓದಿ ನೋಡಿ. ಕೆಲವರಿಗೆ ಇದು ಆಸರೆಯಾಗುತ್ತದೆ, ಕೆಲವರಿಗೆ ತಡೆಯಲಾಗದಷ್ಟು ಆಗಬಹುದು.

ಹಂಪಿಗೆ ಬರುವ ಹುಲಿ, ನಕ್ಷತ್ರದ ಮಗಳು

ನಮ್ಮ ಕಡೆಯ ಪುರಾಣದ ವಾಸನೆ ಇರುವ ಪುಸ್ತಕ ಬೇಕೆನ್ನುವವರಿಗೆ ಮೂರು ದಾರಿಗಳಿವೆ.

ಕಲೀನ್ ಹೌಕ್ ಅವರ 'ಟೈಗರ್ಸ್ ಕರ್ಸ್' (2011) ಕನ್ನಡದವರಿಗೆ ಒಂದು ಕಾರಣಕ್ಕೆ ವಿಶೇಷ. ಆರೆಗಾನಿನ ಕೆಲ್ಸಿ ಎಂಬ ಅನಾಥ ಹುಡುಗಿ ಸರ್ಕಸ್ಸಿನಲ್ಲಿ ಕೆಲಸಕ್ಕೆ ಸೇರಿ, ಅಲ್ಲಿನ ಬಿಳಿ ಹುಲಿಯ ಜೊತೆ ಭಾರತಕ್ಕೆ ಬರುತ್ತಾಳೆ. ಹುಲಿ ನಿಜದಲ್ಲಿ ಶಾಪಗ್ರಸ್ತ ರಾಜಕುಮಾರ ರೆನ್. ದಿನಕ್ಕೆ 24 ನಿಮಿಷ ಮಾತ್ರ ಅವನು ಮನುಷ್ಯನಾಗಿರಬಹುದು. ಶಾಪ ಕಳೆಯಲು ಅವರು ಕಿಷ್ಕಿಂಧೆಗೆ ಹೋಗಬೇಕು. ಅದರ ದಾರಿ ತೆರೆಯುವುದು ಹಂಪಿಯಲ್ಲಿ. 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕಡೆದ ಉಗ್ರ ನರಸಿಂಹನ ವಿಗ್ರಹವನ್ನು ನೋಡಿದವರಿಗೆ ಈ ಭಾಗ ಓದುವಾಗ ಖುಷಿಯಾಗುತ್ತದೆ. ಆನೆಗೊಂದಿಯ ಸುತ್ತಲಿನ ಬೆಟ್ಟಗಳೇ ಕಿಷ್ಕಿಂಧೆ ಎಂದು ನಮ್ಮ ಜನ ಮೊದಲಿಂದ ನಂಬಿಕೊಂಡು ಬಂದಿದ್ದಾರಲ್ಲ. ಆದರೆ ಲೇಖಕಿಯ ಭಾರತ ದೂರದಿಂದ ಕಂಡ ಭಾರತ. ಕಿಷ್ಕಿಂಧೆಯಲ್ಲಿ ಜಪಾನಿನ ನೀರುಪಿಶಾಚಿಗಳು ಬಂದು ಕಚ್ಚುತ್ತವೆ. ನಮ್ಮ ಊರಿನ ಮಕ್ಕಳಿಗೆ ಇದು ತಕ್ಷಣ ಗೊತ್ತಾಗುತ್ತದೆ. ಕೆಲ್ಸಿ ಎದೆಗಾರ್ತಿ, ಆದರೆ ತನ್ನ ಮೇಲೆ ನಂಬಿಕೆಯಿಲ್ಲದವಳು. ಮೊದಲ ಪುಸ್ತಕದ ಕೊನೆಗೆ ರಾಜಕುಮಾರನನ್ನು ಬಿಟ್ಟು ಹೊರಡುವವಳು ಅವಳೇ, ತಾನು ಅವನಿಗೆ ಸಾಟಿಯಲ್ಲ ಎಂದುಕೊಂಡು. ಆ ಅಳುಕು ಹದಿನೇಳು ಹದಿನೆಂಟರ ವಯಸ್ಸಿನದೇ, ಸುಳ್ಳಲ್ಲ.

ರೋಶನಿ ಚೋಕ್ಸಿ ಅವರ 'ದಿ ಸ್ಟಾರ್-ಟಚ್ಡ್ ಕ್ವೀನ್' (2016) ಬೇರೆಯದೇ ಮಟ್ಟದ್ದು. ಮಾಯಾ ಎಂಬ ರಾಜಕುಮಾರಿಯ ಜಾತಕದಲ್ಲಿ ಅವಳಿಗೆ ಸಾವಿನೊಡನೆ ಮದುವೆ ಎಂದು ಬರೆದಿದೆ. ಅರಮನೆಯಲ್ಲಿ ಎಲ್ಲರೂ ಅವಳನ್ನು ಕಂಡರೆ ದೂರ. ರಾಜಕೀಯಕ್ಕಾಗಿ ಅಪ್ಪ ಅವಳ ಸ್ವಯಂವರ ಏರ್ಪಡಿಸಿ, ವಿಷ ಕುಡಿದುಬಿಡು ಅನ್ನುತ್ತಾನೆ. ಆ ಗಳಿಗೆಯಲ್ಲಿ ಅಮರ್ ಎಂಬ ರಾಜ ಬಂದು ಅವಳನ್ನು ತನ್ನ ಲೋಕಕ್ಕೆ ಕರೆದೊಯ್ಯುತ್ತಾನೆ. ನನ್ನ ಪ್ರಶ್ನೆಗೆ ಇಲ್ಲಿ ಸಿಗುವ ಉತ್ತರ ವಿಶಿಷ್ಟ. ಪ್ರೀತಿಯನ್ನು ಕಳೆದುಕೊಳ್ಳುವುದು ಅವಳದೇ ಅನುಮಾನದಿಂದ. ವಾಪಸ್ ಪಡೆಯಲು ಸಾಧ್ವಿಯ ವೇಷದಲ್ಲಿ, ಮಾಂಸ ತಿನ್ನುವ ಮಾತಾಡುವ ಕುದುರೆ ಕಮಲಾಳ ಬೆನ್ನೇರಿ ಹೊರಡುತ್ತಾಳೆ. ಕಮಲಾ ಬಂದಮೇಲೆ ಪುಸ್ತಕಕ್ಕೆ ಜೀವ ಬರುತ್ತದೆ. ಭಾಷೆ ಮಾತ್ರ ತುಂಬ ಅಲಂಕಾರದ್ದು. ನಿಧಾನವಾಗಿ ಓದುವವರಿಗೆ ಹಬ್ಬ, ಬೇಗ ಕಥೆ ಬೇಕೆನ್ನುವವರಿಗೆ ಸುಸ್ತು.

ಶ್ವೇತಾ ಠಕ್ರಾರ್ ಅವರ 'ಸ್ಟಾರ್ ಡಾಟರ್' (2020) ಚಿಕ್ಕವರಿಗೂ ಹೊಂದುತ್ತದೆ. ನ್ಯೂಜೆರ್ಸಿಯ ಶೀತಲ್‌ಳ ಅಮ್ಮ ನಕ್ಷತ್ರ, ಮಗಳನ್ನು ಬಿಟ್ಟು ಆಕಾಶಕ್ಕೆ ಹೋದವಳು. ಬೆಳ್ಳಿಯಂತೆ ಹೊಳೆಯುವ ಕೂದಲಿಗೆ ಕಪ್ಪು ಬಣ್ಣ ಹಚ್ಚಿಕೊಂಡು ಬೆಳೆದ ಹುಡುಗಿಯಿಂದ ಒಂದು ದಿನ ಅಪ್ಪನಿಗೇ ಬೆಂಕಿ ತಗುಲುತ್ತದೆ. ಅವನನ್ನು ಉಳಿಸಲು ಅಮ್ಮನ ಲೋಕಕ್ಕೆ ಹೋಗಬೇಕು. ವಿದೇಶದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ, ಮನೆಯಲ್ಲಿ ಒಂದು ರೂಪ, ಶಾಲೆಯಲ್ಲಿ ಒಂದು ರೂಪ ಇಟ್ಟುಕೊಂಡವರಿಗೆ, ಆ ಕೂದಲಿನ ಬಣ್ಣ ಚೆನ್ನಾಗಿ ಅರ್ಥವಾಗುತ್ತದೆ. ಪ್ರೇಮಕಥೆ ಸ್ವಲ್ಪ ತೆಳು. ತಾಯಿ ಮಗಳ ಕಥೆ ಗಟ್ಟಿ.

ಇವೆಲ್ಲ ಓದುವ ಹುಡುಗಿಗೆ ಗಿರೀಶ್ ಕಾರ್ನಾಡರ 'ನಾಗಮಂಡಲ'ವನ್ನೂ (1988) ಕೊಡಿ ಎಂದು ನಾನು ಜೋರಾಗಿಯೇ ಹೇಳುತ್ತೇನೆ. ಅದು ಹದಿಹರೆಯದವರಿಗೆಂದು ಬರೆದ ನಾಟಕವಲ್ಲ, ನಿಜ. ಆದರೆ ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳ ಮೇಲೆ ಕಟ್ಟಿದ ಅದರಲ್ಲಿ ಗಂಡನ ರೂಪದಲ್ಲಿ ರಾತ್ರಿ ಬರುವ ನಾಗನಿದ್ದಾನೆ, ಮನೆಯೊಳಗೆ ಬೀಗ ಹಾಕಿಸಿಕೊಂಡ ಎಳೆಯ ರಾಣಿಯಿದ್ದಾಳೆ. ಊರಿನ ಪಂಚರ ಮುಂದೆ ನಿಂತಾಗ ಅವಳ ಪರ ಮಾತಾಡುವವರು ಯಾರೂ ಇಲ್ಲ. ಹುತ್ತಕ್ಕೆ ಕೈ ಹಾಕಿ, ಹಾವು ಹಿಡಿದು, ಪ್ರಮಾಣ ಮಾಡುತ್ತಾಳೆ. 17 ದಾಟಿದವರಿಗೆ ಕೊಟ್ಟು ಬೆಲ್ಲಾ, ರೋಸ್, ರಾಣಿ ಮೂವರನ್ನೂ ಇಟ್ಟುಕೊಂಡು ಹರಟೆ ಹೊಡೆಯಿರಿ.

ಉಳಿದವು, ಬೇಗ ಬೇಗ

ಕಸ್ಸಾಂಡ್ರಾ ಕ್ಲೇರ್ ಅವರ ಪುಸ್ತಕಗಳು ಬಹಳ ಇವೆ, ಎಲ್ಲಿಂದ ಹಿಡಿಯಬೇಕು ಎಂದು ಜನ ಒದ್ದಾಡುತ್ತಾರೆ. 2007ರ 'ಸಿಟಿ ಆಫ್ ಬೋನ್ಸ್' ಮೊದಲು ಬಂದದ್ದು, ಆರು ಪುಸ್ತಕಗಳ ಸರಣಿ. ಚಿತ್ರ ಬರೆಯುವ ನಾಯಕಿ ಕ್ಲೇರಿಯ ಕೈಗುಣವೇ ಅವಳ ಶಕ್ತಿಯಾಗುವುದು ಚಂದ. ಆದರೆ ಪ್ರೀತಿಸಿದವರಿಬ್ಬರೂ ತಾವು ಅಣ್ಣತಂಗಿ ಎಂದು ಬಹಳ ಕಾಲ ನಂಬುವ ತಿರುವು ಎಲ್ಲರಿಗೂ ಒಗ್ಗುವುದಿಲ್ಲ. ನನ್ನ ಸಲಹೆ, 2010ರ 'ಕ್ಲಾಕ್‌ವರ್ಕ್ ಏಂಜೆಲ್'ನಿಂದ ಶುರುಮಾಡಿ. 1878ರ ಲಂಡನ್, ಮೂರೇ ಪುಸ್ತಕ. ಅಣ್ಣನನ್ನು ಹುಡುಕಿ ಬಂದ ಟೆಸ್ಸಾ ಸೆರೆಯಾಗಿ, ಹೊಡೆತ ಹೆದರಿಕೆಗಳ ನಡುವೆ ತನ್ನ ರೂಪ ಬದಲಿಸುವ ಶಕ್ತಿಯನ್ನು ಕಲಿಯಬೇಕಾಗುತ್ತದೆ. ನಾನು ಯಾರು ಎಂಬ ಅವಳ ಹುಡುಕಾಟ ಪ್ರೀತಿಗಿಂತ ದೊಡ್ಡದು. ಅವಳನ್ನು ಪ್ರೀತಿಸುವ ವಿಲ್ ಮತ್ತು ಜೆಮ್ ಇಬ್ಬರೂ ಒಳ್ಳೆಯವರು, ಒಬ್ಬರಿಗೊಬ್ಬರು ಪ್ರಾಣ ಕೊಡುವ ಗೆಳೆಯರು. ಮೂವರ ನಡುವಿನ ಪ್ರೀತಿಯನ್ನು ಯಾರನ್ನೂ ಖಳ ಮಾಡದೆ ಬರೆದ ಅಪರೂಪದ ಕಥೆ.

ಲೇನಿ ಟೇಲರ್ ಅವರ 'ಡಾಟರ್ ಆಫ್ ಸ್ಮೋಕ್ ಅಂಡ್ ಬೋನ್' (2011) ಪ್ರಾಗ್ ನಗರದಲ್ಲಿ ಶುರುವಾಗುತ್ತದೆ. ನೀಲಿ ಕೂದಲಿನ ಕರೂ, ಅವಳನ್ನು ಸಾಕಿದ ವಿಚಿತ್ರ ಜೀವಿಗಳಿಗಾಗಿ ಹಲ್ಲುಗಳನ್ನು ಕೂಡಿಸಿ ತರುವವಳು. ಒಂದು ದಿನ ಅವರ ಲೋಕಕ್ಕೆ ಹೋಗುವ ಬಾಗಿಲುಗಳೆಲ್ಲ ಸುಟ್ಟುಹೋಗುತ್ತವೆ. ಅವಳು ಒಂಟಿ. ಎರಡನೆಯ ಪುಸ್ತಕ ಪೂರ್ತಿ ಯುದ್ಧ, ನೋವು, ಪಶ್ಚಾತ್ತಾಪ. ಪ್ರೀತಿ ಬೇಕೆಂದು ಹಿಡಿದವರಿಗೆ ಅಲ್ಲಿ ತಾಳ್ಮೆ ಬೇಕು. ಬರವಣಿಗೆಯ ಸೊಗಸಿನಲ್ಲಿ ಮೇಲೆ ಹೇಳಿದ ಯಾವುದೂ ಇದಕ್ಕೆ ಸಮ ಇಲ್ಲ.

ಯಾರಿಗೆ ಯಾವುದು ಎಂದು ಒಂದೇ ಉಸಿರಿನಲ್ಲಿ ಕೇಳಿದರೆ ಹೀಗೆ ಹೇಳುತ್ತೇನೆ. 13ರ ಆಸುಪಾಸಿನವರಿಗೆ 'ಸ್ಟಾರ್ ಡಾಟರ್' ಅಥವಾ 'ಟೈಗರ್ಸ್ ಕರ್ಸ್'. 'ಟ್ವೈಲೈಟ್' ಮೊದಲನೆಯದೂ ಸರಿಯೇ, ಆದರೆ 'ಬ್ರೇಕಿಂಗ್ ಡಾನ್' ಸ್ವಲ್ಪ ದೊಡ್ಡವರಾದ ಮೇಲೆ. ಅಲ್ಲಿನ ಬಸುರಿ ಬಾಣಂತನದ ಭಾಗ ಭಯಂಕರವಾಗಿದೆ. 14–15ಕ್ಕೆ 'ಲೆಜೆಂಡ್‌ಬಾರ್ನ್', 'ಕ್ಲಾಕ್‌ವರ್ಕ್ ಏಂಜೆಲ್'. 'ಶಿವರ್'ನಲ್ಲಿ ದೈಹಿಕ ಸಂಬಂಧದ ಸೂಚನೆ ಇದೆ, ಮನೆಯವರು ನೋಡಿ ಕೊಡಲಿ. ಉಳಿದವು 16ರ ನಂತರ. ದೊಡ್ಡವರು ನಾಚಿಕೆಪಡದೆ ಯಾವುದನ್ನು ಬೇಕಾದರೂ ಓದಿ, ಈ ಕಥೆಗಳಿಗೆ ವಯಸ್ಸಿನ ಮೇಲ್ಮಿತಿ ಇಲ್ಲ.

ಸರಣಿ ಮುಗಿಯದಿದ್ದರೆ ನಿದ್ದೆ ಬರದವರಿಗೆ ಇನ್ನೊಂದು ಮಾತು. 'ವ್ಯಾಂಪೈರ್ ಅಕಾಡೆಮಿ', 'ಕ್ಲಾಕ್‌ವರ್ಕ್' ಮೂರು, ಲೇನಿ ಟೇಲರ್ ಅವರ ಮೂರು, ಎಲ್ಲ ಮುಗಿದ ಕಥೆಗಳು. ಬ್ರೀಯ ಕಥೆ 2022ರಲ್ಲಿ 'ಬ್ಲಡ್‌ಮಾರ್ಕ್ಡ್', 2025ರಲ್ಲಿ 'ಓತ್‌ಬೌಂಡ್' ಬಂದ ಮೇಲೂ ಮುಗಿದಿಲ್ಲ. ಎರಡನೆಯದು ಕೈಗೆ ಸಿಗುವಂತೆ ಇಟ್ಟುಕೊಂಡೇ ಮೊದಲನೆಯದನ್ನು ಶುರುಮಾಡಿ. ಅದರ ಕೊನೆಯ ಅಧ್ಯಾಯಗಳನ್ನು ಓದಿದ ಮೇಲೆ ಕೊರಿಯರ್‌ಗಾಗಿ ಕಾಯುವುದು ಕಷ್ಟ.